ಉಸಿರಿನ ಕಾಲಂ

ಕಾಮಾಕ್ಷಿ ಸಿಸ್ಟರಿಗೆ ಅನುಮಾನದ ರೋಗ ಎಂದು ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಇಪ್ಪತ್ತೆಂಟು ವರ್ಷ ವಾರ್ಡಿನಲ್ಲಿ ದುಡಿದವಳಿಗೆ ಅನುಮಾನ ಬಾರದೆ ಇನ್ನೇನು ಬರುತ್ತದೆ? ಡ್ರಿಪ್ ಸರಿಯಾಗಿ ಇಳಿಯುತ್ತಿದೆ ಎಂದು ಯಾರಾದರೂ ಹೇಳಿದರೆ ನಾನೇ ಹೋಗಿ ನೋಡುತ್ತೇನೆ. ಇಂಜೆಕ್ಷನ್ ಕೊಟ್ಟಾಯಿತು ಎಂದರೆ ಖಾಲಿ ಬಾಟಲಿ ತೋರಿಸು ಎನ್ನುತ್ತೇನೆ. ಹಾಗಾಗಿ ಇಪ್ಪತ್ತೆರಡನೇ ಹಾಸಿಗೆಯ ಗುರುಶಾಂತಪ್ಪ ಮೇಷ್ಟ್ರು ತೀರಿಕೊಂಡ ದಿನ ಉಳಿದ ಹುಡುಗಿಯರೆಲ್ಲ ಅಳುತ್ತಿದ್ದಾಗ ನಾನು ಅವರ ತಲೆಯ ಮೇಲಿದ್ದ ದೀಪವನ್ನು ನೋಡುತ್ತ ನಿಂತಿದ್ದೆ.

ಬೆಳಿಗ್ಗೆ ಎಂಟಕ್ಕೆ ಮೇಷ್ಟ್ರು ಇಡ್ಲಿ ಗಟ್ಟಿಯಾಗಿದೆ ಎಂದು ನನ್ನ ಹತ್ತಿರ ಜಗಳ ಆಡಿದ್ದರು. ಹತ್ತೂವರೆಯವರೆಗೂ ದೀಪ ಹಸಿರಾಗಿಯೇ ಇತ್ತು. ಆಮೇಲೆ ಇದ್ದಕ್ಕಿದ್ದಂತೆ ರಕ್ತದಲ್ಲಿ ಆಮ್ಲಜನಕ ಕುಸಿಯಿತು. ದೀಪ ಕೆಂಪಾದದ್ದಕ್ಕೂ ಅವರು ಹೋದದ್ದಕ್ಕೂ ನಡುವೆ ಹನ್ನೊಂದು ನಿಮಿಷ. ಒಂಬತ್ತು ದಿನಗಳಲ್ಲಿ ಹೀಗೆ ಹಸಿರಲ್ಲಿದ್ದು ಹೋದವರಲ್ಲಿ ಅವರು ಏಳನೆಯವರು.

ಒಣಜ್ವರ ನಮ್ಮ ಜಿಲ್ಲೆಗೆ ಬಂದದ್ದು ಅದು ಎರಡನೇ ಸಲ. ಕೆಮ್ಮಿಲ್ಲ, ನೆಗಡಿಯಿಲ್ಲ. ರೋಗಿ ತಿಂದುಕೊಂಡು, ಮಾತಾಡಿಕೊಂಡು ಇರುತ್ತಾನೆ, ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತ ಹೋಗುತ್ತದೆ. ಎರಡು ವರ್ಷದ ಹಿಂದೆ ಮೊದಲ ಸಲ ಬಂದಾಗ ಅರವತ್ತು ಹಾಸಿಗೆಗೆ ನಾವು ಆರು ಜನ ನರ್ಸುಗಳು. ಉಡುಪು ಬಿಚ್ಚಿದರೆ ಮತ್ತೊಂದು ಸಿಗುವುದಿಲ್ಲವೆಂದು ಪಾಳಿಗೆ ಬರುವ ಮೊದಲು ನೀರು ಕುಡಿಯುತ್ತಿರಲಿಲ್ಲ. ಮುಖ ಕಾಣದ ಕಾರಣ ಬೆನ್ನ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು. ಒಬ್ಬೊಬ್ಬರು ಒಂದೊಂದು ಗೋಡೆಗೆ ಮುಖ ಮಾಡಿ ಕೂತು ಊಟ ಮುಗಿಸುತ್ತಿದ್ದೆವು. ನಮ್ಮಲ್ಲೇ ಇಬ್ಬರು ಸತ್ತರು. ಅವರ ಹೆಸರು ಈಗಲೂ ನನ್ನ ಬಾಯಿಂದ ಹೊರಡುವುದಿಲ್ಲ.

ಈ ಸಲ ಜ್ವರದ ಜೊತೆಗೇ ಕಾವಲು ಬಂತು. ಕಾವಲು ಎಂದರೆ ಯಂತ್ರ. ರೋಗಿಯ ಎದೆಯ ಮೇಲೆ ಎರಡು ಬೆರಳಗಲದ ಒಂದು ಪಟ್ಟಿ ಅಂಟಿಸಿದರೆ ಸಾಕು, ಜ್ವರ, ನಾಡಿ, ಆಮ್ಲಜನಕ, ಉಸಿರು ನಾಲ್ಕನ್ನೂ ಅದೇ ಅಳೆದು, ನೂರಕ್ಕೆ ಇಷ್ಟು ಅಪಾಯ ಎಂದು ಅಂಕ ಹಾಕುತ್ತದೆ. ಅರವತ್ತು ದಾಟಿದರೆ ಕೆಂಪು. ಮೇಲಿನ ವಾರ್ಡಿನಲ್ಲಿ ಉಸಿರಾಟದ ಯಂತ್ರಗಳಿರುವ ಹನ್ನೆರಡು ಹಾಸಿಗೆಗಳಿವೆ. ಅಲ್ಲಿ ಜಾಗ ಖಾಲಿಯಾದಾಗ ಯಾರ ಅಂಕ ಹೆಚ್ಚೋ ಅವರಿಗೆ. ಶಿಫಾರಸಿನ ಕಾಟ ತಾಳಲಾರದೆ ನಮ್ಮ ಡಾಕ್ಟರ್ ಮುನೀರ್ ಅವರೇ ಈ ನಿಯಮ ಹಾಕಿಸಿದ್ದರು. ನಾವು ದಿನಕ್ಕೆ ಮೂರು ಸಲ ಚಾರ್ಟ್ ಬರೆದು ಕಾವಲಿಗೆ ತುಂಬಿಸಬೇಕು. ನಮ್ಮ ಅಂಕಿ ಅದರ ಲೆಕ್ಕಾಚಾರಕ್ಕೆ ಹೊಂದಿದರೆ ನಮಗೂ ಅಂಕ ಸಿಗುತ್ತದೆ. ನಂಬಿಕೆ ಅಂಕ ಅಂತ ಅದರ ಹೆಸರು. ನನ್ನದು ತೊಂಬತ್ತೆಂಟು, ಇಡೀ ಆಸ್ಪತ್ರೆಗೇ ಮೊದಲು.

ಕೊನೆಯವಳು ದಾಕ್ಷಾಯಿಣಿ. ನಲವತ್ತೊಂದು.

ಗುತ್ತಿಗೆಯ ಮೇಲೆ ಬಂದ ಹುಡುಗಿ, ಮೂವತ್ತೊಂದು ವರ್ಷ. ಕೆಲಸದಲ್ಲಿ ಅಚ್ಚುಕಟ್ಟು, ಆದರೆ ಎಲ್ಲರಿಗಿಂತ ನಿಧಾನ. ಒಂದೊಂದು ಹಾಸಿಗೆಯ ಹತ್ತಿರವೂ ಗಡಿಯಾರ ನೋಡುತ್ತ ಸುಮ್ಮನೆ ನಿಂತಿರುತ್ತಿದ್ದಳು. ಅವಳ ಪಾಳಿಯ ಸುತ್ತು ಯಾವತ್ತೂ ಹೊತ್ತಿಗೆ ಮುಗಿಯುತ್ತಿರಲಿಲ್ಲ, ಜೊತೆಯವರು ನನ್ನ ಹತ್ತಿರ ಬಂದು ಗೊಣಗುತ್ತಿದ್ದರು. ಚಾರ್ಟ್ ತೆಗೆದು ನೋಡಿದರೆ ಉಸಿರಿನ ಕಾಲಂನಲ್ಲಿ ಒಬ್ಬರಿಗೆ ಹದಿನೇಳು, ಮತ್ತೊಬ್ಬರಿಗೆ ಇಪ್ಪತ್ತಾರು, ಇನ್ನೊಬ್ಬರಿಗೆ ಮೂವತ್ತೊಂದು. ಕರೆದು ಕೇಳಿದೆ. ಎಣಿಸಿದೀನಿ ಸಿಸ್ಟರ್ ಎಂದಳು. ಅರವತ್ತು ಜನರದ್ದನ್ನೂ ಎಣಿಸಿದೀನಿ ಎಂದರೆ ಯಾರು ನಂಬುತ್ತಾರೆ? ಅಂಕಿಗಳನ್ನು ಮನಸ್ಸಿಗೆ ಬಂದಂತೆ ನಮೂದಿಸುತ್ತಾರೆ ಎಂದು ವಾರ್ಡಿನ ಇನ್‌ಚಾರ್ಜ್ ಆಗಿದ್ದ ನಾನು ಅವಳ ಮೇಲೆ ಬರೆದು ಕಳಿಸಿದೆ. ಎರಡು ಸಲ ಮೆಮೊ ಬಂತು. ಮೂರನೆಯದು ಬಂದರೆ ಅವಳ ಗುತ್ತಿಗೆ ಮುಗಿದಂತೆ.

ಮೇಷ್ಟ್ರು ಹೋದ ದಿನ ಮಧ್ಯಾಹ್ನ ನಾನು ಕಂಟ್ರೋಲ್ ರೂಮಿಗೆ ಇಳಿದೆ. ಹಿಂದೆ ಅದು ಹಾಸಿಗೆ ಬಟ್ಟೆ ಇಡುವ ಕೋಣೆಯಾಗಿತ್ತು, ಈಗ ಗೋಡೆ ತುಂಬ ಪರದೆ. ಕಂಪನಿಯ ಎಂಜಿನಿಯರ್ ಅನಿರುದ್ಧ ಅಲ್ಲೇ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಪಾಪ, ಅವನೂ ನಲವತ್ತು ದಿನದಿಂದ ಮನೆಗೆ ಹೋಗಿರಲಿಲ್ಲ. ಆದರೆ ನನಗೆ ಆಗ ಅವನ ಮೇಲೆ ಕನಿಕರ ಬರಲಿಲ್ಲ. ಮೇಲಿನ ವಾರ್ಡಿನ ಹಾಸಿಗೆಗಳನ್ನು ಒಳಗೊಳಗೇ ಬೇಕಾದವರಿಗೆ ಕೊಡುತ್ತಿದ್ದಾರೆ, ಅದಕ್ಕೆ ಬಡವರ ಅಂಕ ಇಳಿಸುತ್ತಿದ್ದಾರೆ ಎಂಬುದು ನನ್ನ ಗುಮಾನಿ. ಅವನು ಬೇಸರಪಟ್ಟುಕೊಳ್ಳದೆ ಒಂದು ತಿಂಗಳ ದಾಖಲೆ ತೆರೆದು ತೋರಿಸಿದ. ಹಮಾಲಿ, ಹೂ ಮಾರುವವಳು, ತಹಸೀಲ್ದಾರರ ಮಾವ, ಎಲ್ಲರೂ ಅಂಕದ ಪ್ರಕಾರವೇ ಹೋಗಿದ್ದರು. ಹಾಗಾದರೆ ಪಟ್ಟಿ ಅಂಟಿಸುವುದರಲ್ಲಿ ತಪ್ಪಿರಬೇಕು ಎಂದೆ. ಅದೂ ಅಲ್ಲ ಎಂದು ತೋರಿಸಿದ. ಯಂತ್ರಕ್ಕೆ ಇದನ್ನೆಲ್ಲ ಕಲಿಸಿದ್ದು ಯಾರು ಎಂದು ಕೇಳಿದೆ. ನಿಮ್ಮ ಆಸ್ಪತ್ರೆಯ ಚಾರ್ಟುಗಳೇ ಮೇಡಂ, ಮೊದಲನೇ ಅಲೆಯಲ್ಲಿ ನೀವೆಲ್ಲ ಬರೆದಿದ್ದು, ಒಂದೂ ಬಿಡದೆ ತುಂಬಿಸಿದೀವಿ ಎಂದ. ನನಗೆ ಒಂಥರಾ ಹೆಮ್ಮೆಯೇ ಆಯಿತು. ಆದರೂ ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡೇ ಮೇಲೆ ಬಂದೆ.

ಅದಾಗಿ ಮೂರನೇ ದಿನಕ್ಕೆ ದಾಕ್ಷಾಯಿಣಿಗೆ ಜ್ವರ ಬಂತು. ನಮ್ಮ ವಾರ್ಡಿನಲ್ಲೇ ಹದಿನಾಲ್ಕನೇ ಹಾಸಿಗೆಗೆ ಹಾಕಿದೆವು. ಪಟ್ಟಿ ಅಂಟಿಸಿದ್ದು ನಾನೇ, ಹಸಿರು ದೀಪ ಹತ್ತಿತು. ಎರಡು ದಿನ ಚೆನ್ನಾಗಿದ್ದಳು. ಅವಳ ಆರು ವರ್ಷದ ಮಗಳು ಸಿಂಚನಾ ಅಜ್ಜಿಯ ಫೋನಿನಿಂದ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಜಡೆ ಹಾಕಿಕೊಂಡಿದ್ದೀಯಾ, ಹಾಲು ಕುಡಿದೆಯಾ ಎಂದು ವಿಚಾರಿಸುತ್ತಿದ್ದಳು. ಮೂರನೇ ದಿನ ಮಧ್ಯಾಹ್ನ ನನ್ನ ಪಾಳಿ ಮುಗಿಯುವ ಹೊತ್ತಿಗೆ ನನ್ನ ಕೈ ಹಿಡಿದುಕೊಂಡಳು.

"ಸಿಸ್ಟರ್, ಒಂದು ನಿಮಿಷ ನಿಂತು ನನ್ನ ಉಸಿರು ಎಣಿಸ್ತೀರಾ?"

ನಾನು ಪರದೆ ನೋಡಿದೆ. ಇಪ್ಪತ್ತು ಎಂದಿತ್ತು. ಆಮ್ಲಜನಕ ತೊಂಬತ್ತನಾಲ್ಕು, ಅಂಕ ಇಪ್ಪತ್ತೊಂಬತ್ತು. ಎಲ್ಲ ಸರಿಯಾಗಿದೆ, ನರ್ಸುಗಳು ಮಲಗಿದರೆ ಇದೇ ಗೋಳು, ಸುಮ್ಮನೆ ನಿದ್ದೆ ಮಾಡು ಎಂದು ಗದರಿಸಿ ಕೈ ಬಿಡಿಸಿಕೊಂಡೆ. ಅವಳು ಮತ್ತೆ ಕೇಳಲಿಲ್ಲ.

ಮನೆಯಲ್ಲಿ ನಾನು ಬೀದಿ ಕೋಣೆಯಲ್ಲಿ ಬೇರೆಯೇ ಇದ್ದೆ. ಹಿತ್ತಲಲ್ಲಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ನಮ್ಮವರು ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಒಳಗಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಮಾತೆಲ್ಲ ನಡುಮನೆಯ ಆಚೆ ಈಚೆ. ಖಾಸಗಿ ಬಸ್ಸುಗಳ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು, ಯಂತ್ರದ ವಿಷಯ ಎಂದರೆ ಕಿವಿ ನೆಟ್ಟಗಾಗುತ್ತದೆ. ಅವರು ಎರಡು ಸಲ ಕೆಮ್ಮಿದ್ದಕ್ಕೆ ನಾನು ಅನುಮಾನದಿಂದ ನೋಡಿದೆ. ಸಾರಿನ ಖಾರ ಕಣೇ ಎಂದು ನಕ್ಕರು. ನಾನು ಹಸಿರು ದೀಪದ ಸಾವುಗಳನ್ನೆಲ್ಲ ಹೇಳಿಕೊಂಡೆ. ಕಂಪನಿಯವರು ಏನೋ ಮಸಲತ್ತು ಮಾಡಿದ್ದಾರೆ, ನಮ್ಮ ಚಾರ್ಟ್ ನೋಡಿ ಕಲಿತ ಯಂತ್ರ ಹೀಗೇಕೆ ತಪ್ಪುತ್ತದೆ ಎಂದೆ.

ಅವರು ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

"ನಿಮ್ಮ ಚಾರ್ಟು ಸರಿಯಾಗಿತ್ತಾ?"

ನನಗೆ ರೇಗಿತು. ಹೆಣಗಳ ನಡುವೆ ನಿಂತು ಬರೆದ ಚಾರ್ಟು ಎಂದೆ. ಅದಕ್ಕೇ ಕೇಳಿದ್ದು ಎಂದರು.

"ನಮ್ಮ ಗ್ಯಾರೇಜಲ್ಲಿ ಟೈರಿನ ಗಾಳಿ ಪುಸ್ತಕ ಅಂತ ಒಂದಿತ್ತು. ದಿನಾ ಎಂಬತ್ತು ಬಸ್ಸು, ಒಂದೊಂದಕ್ಕೆ ಆರಾರು ಟೈರು. ಗೇಜ್ ಇಟ್ಟು ನೋಡ್ತಿದ್ದೋರು ಯಾರು? ಕಾಲಲ್ಲಿ ಒದ್ದು ನೋಡಿ ಎಲ್ಲಕ್ಕೂ ತೊಂಬತ್ತು ಅಂತ ಬರೀತಿದ್ವಿ."

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. ನಾಡಿ ಯಂತ್ರದಲ್ಲಿ ಬರುತ್ತದೆ. ಆಮ್ಲಜನಕಕ್ಕೆ ಬೆರಳಿಗೆ ಕ್ಲಿಪ್ ಹಾಕುತ್ತೇವೆ. ಜ್ವರಕ್ಕೆ ಹಣೆಗೆ ಗನ್ ಹಿಡಿಯುತ್ತೇವೆ. ಉಸಿರೊಂದಕ್ಕೆ ಮಾತ್ರ ಯಾವ ಸಲಕರಣೆಯೂ ಇಲ್ಲ. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎದೆಯ ಏರಿಳಿತವನ್ನು ಕಣ್ಣಲ್ಲೇ ಎಣಿಸಬೇಕು. ಅರವತ್ತು ಹಾಸಿಗೆಗೆ ಒಂದು ಗಂಟೆ, ದಿನಕ್ಕೆ ಮೂರು ಸಲ, ಮಂಜಾದ ಕನ್ನಡಕದ ಹಿಂದೆ. ನಾವು ಎಣಿಸುತ್ತಿರಲಿಲ್ಲ. ಮೊದಲ ಅಲೆಯಲ್ಲಷ್ಟೇ ಅಲ್ಲ, ಅದಕ್ಕೂ ಮೊದಲಿನಿಂದಲೇ ಎಣಿಸುತ್ತಿರಲಿಲ್ಲ. ಎಲ್ಲರಿಗೂ ಇಪ್ಪತ್ತು. ಯಾರಿಗೂ ಸಂಶಯ ಬರಬಾರದೆಂದು ನಡುನಡುವೆ ಒಂದು ಹದಿನೆಂಟು, ಒಂದು ಇಪ್ಪತ್ತೆರಡು. ನನಗೆ ನನ್ನ ಸೀನಿಯರ್ ಕಲಿಸಿದ್ದು, ನಾನು ನನ್ನ ಜೂನಿಯರುಗಳಿಗೆ ಕಲಿಸಿದ್ದು. ಅದು ಸುಳ್ಳು ಎಂದು ಯಾವತ್ತೂ ಅನ್ನಿಸಿರಲೇ ಇಲ್ಲ. ಇಡೀ ಲೋಕದ ಮೇಲೆ ಅನುಮಾನಪಡುವ ನಾನು ನನ್ನ ಕೈಬರಹದ ಮೇಲೆ ಮಾತ್ರ ಒಂದು ದಿನವೂ ಅನುಮಾನಪಟ್ಟಿರಲಿಲ್ಲ.

ಕೈ ತೊಳೆಯದೆ ಎದ್ದೆ. ಆಟೋ ಹಿಡಿದು ಆಸ್ಪತ್ರೆಗೆ ಬಂದಾಗ ಮೂರೂವರೆ. ಉಡುಪು ಹಾಕಿಕೊಂಡು ಹದಿನಾಲ್ಕನೇ ಹಾಸಿಗೆಯ ಹತ್ತಿರ ನಿಂತೆ. ದಾಕ್ಷಾಯಿಣಿ ಕಣ್ಣು ಮುಚ್ಚಿಕೊಂಡಿದ್ದಳು. ಗಡಿಯಾರ ನೋಡುತ್ತ ಎಣಿಸಿದೆ. ಮೂವತ್ತೆಂಟು. ನಂಬಲಾರದೆ ಮತ್ತೊಮ್ಮೆ ಎಣಿಸಿದೆ. ಮೂವತ್ತೆಂಟೇ. ಪರದೆಯ ಮೇಲೆ ಇಪ್ಪತ್ತು ಎಂದೇ ಇತ್ತು.

ಕೆಳಗೆ ಓಡಿದೆ. ಪಟ್ಟಿಯಿಂದ ನೇರವಾಗಿ ಬರುವ ಉಸಿರಿನ ಲೆಕ್ಕ ತೋರಿಸು ಎಂದು ಅನಿರುದ್ಧನಿಗೆ ಹೇಳಿದೆ. ಅವನು ಏನೇನೋ ಒತ್ತಿ ಒಂದು ಗೆರೆ ತೆಗೆದ. ಪಟ್ಟಿ ಮೂವತ್ತೇಳು ಎಂದೇ ಹೇಳುತ್ತಿತ್ತು. ಹಾಗಾದರೆ ಇಪ್ಪತ್ತು ಎಲ್ಲಿಂದ ಬಂತು ಎಂದೆ. ರೋಗಿ ಮಾತಾಡಿದರೂ ಹೊರಳಿದರೂ ಪಟ್ಟಿ ಅದನ್ನೂ ಉಸಿರು ಎಂದು ತಪ್ಪು ಎಣಿಸಬಹುದು, ಅದಕ್ಕೆ ಕಾವಲು ಅದನ್ನು ತಿದ್ದುತ್ತದೆ ಎಂದ. ಯಾವುದನ್ನು ನೋಡಿ ತಿದ್ದುತ್ತದೆ ಎಂದೆ. ನರ್ಸುಗಳ ಹಳೆಯ ಚಾರ್ಟುಗಳನ್ನು ನೋಡಿ ಎಂದ. ಹೇಳುತ್ತ ಹೇಳುತ್ತ ಅವನ ಮುಖ ಸಪ್ಪಗಾಯಿತು. ಎರಡು ವರ್ಷದ ಉಸಿರಿನ ಕಾಲಂ ತೆರೆದ. ಪರದೆ ತುಂಬ ಇಪ್ಪತ್ತು, ಮೇಲಿಂದ ಕೆಳಗೆ ಇಪ್ಪತ್ತು. ನಡುವೆ ಅಲ್ಲೊಂದು ಇಲ್ಲೊಂದು ಕಡೆ ಹದಿನೇಳು, ಇಪ್ಪತ್ತಾರು, ಮೂವತ್ತೊಂದು. ಆ ಸಾಲುಗಳನ್ನು ಯಂತ್ರ ತಾನಾಗಿಯೇ ಬೂದು ಬಣ್ಣಕ್ಕೆ ತಿರುಗಿಸಿ, ನಂಬಬಾರದು ಎಂದು ಪಕ್ಕಕ್ಕಿಟ್ಟಿತ್ತು.

"ಇವೆಲ್ಲ ಒಬ್ಬರೇ ಬರೆದಿದ್ದು ಮೇಡಂ. ದಾಕ್ಷಾಯಿಣಿ ಅಂತ."

ಇಡೀ ಆಸ್ಪತ್ರೆಯಲ್ಲಿ ನಿಜ ಬರೆದವಳು ಅವಳೊಬ್ಬಳೇ. ಅವಳಿಗೆ ಮೆಮೊ ಕೊಡಿಸಿದ್ದು ನಾನು, ಅವಳನ್ನು ನಂಬಬೇಡ ಎಂದು ಯಂತ್ರಕ್ಕೆ ಕಲಿಸಿದ್ದೂ ನಾನೇ. ಉಸಿರಿನ ವೇಗವೇ ಎಲ್ಲಕ್ಕಿಂತ ಮೊದಲು ಅಪಾಯ ಹೇಳುತ್ತದೆ ಎಂದು ನರ್ಸಿಂಗ್ ಓದುವ ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಶ್ವಾಸಕೋಶ ಸೋತಾಗ ದೇಹ ಬೇಗ ಬೇಗ ಉಸಿರಾಡಿ ಆಮ್ಲಜನಕ ಇಳಿಯದಂತೆ ಹಿಡಿದುಕೊಂಡಿರುತ್ತದೆ. ಆ ಶಕ್ತಿಯೂ ಮುಗಿದಾಗ ಹನ್ನೊಂದು ನಿಮಿಷ.

ಯಂತ್ರವನ್ನು ಈಗಲೇ ತಿದ್ದು ಎಂದೆ. ಮೇಲಿನವರ ಆದೇಶ ಬೇಕು, ಮತ್ತೆ ಕಲಿಸಬೇಕು, ಕಡಿಮೆಯೆಂದರೂ ಮೂರು ದಿನ ಎಂದ. ಮೇಲಿನ ವಾರ್ಡಿನಲ್ಲಿ ಆಗ ತಾನೇ ಒಂದೇ ಒಂದು ಹಾಸಿಗೆ ಖಾಲಿಯಾಗಿತ್ತು. ಡಾಕ್ಟರ್ ಮುನೀರ್‌ಗೆ ಫೋನ್ ಮಾಡಿದೆ. ಅವರು ಬೇಸರದಿಂದಲೇ ಮಾತಾಡಿದರು. ಅಂಕ ಇಪ್ಪತ್ತೊಂಬತ್ತು ಇರುವವಳಿಗೆ ಕೊಟ್ಟರೆ ನಮ್ಮ ಸಿಬ್ಬಂದಿಗೆ ಹಾಸಿಗೆ ಇಟ್ಟುಕೊಂಡೆವು ಎಂದು ಹೊರಗೆ ಕಲ್ಲು ಬೀಳುತ್ತದೆ, ನಾನೇ ಹಾಕಿದ ನಿಯಮವನ್ನು ನಾನೇ ಮುರಿಯಲಾರೆ, ಮೇಲೆ ಒಬ್ಬರಿಗೆ ಟ್ಯೂಬ್ ಹಾಕುತ್ತಿದ್ದೇನೆ, ಮುಗಿಸಿ ಬರುತ್ತೇನೆ ಎಂದು ಇಟ್ಟುಬಿಟ್ಟರು.

ವಾರ್ಡಿಗೆ ಬಂದು ನನ್ನ ಹೆಸರಿನಲ್ಲಿ ಉಸಿರು ಮೂವತ್ತೆಂಟು ಎಂದು ತುಂಬಿಸಿದೆ. ಮತ್ತೊಮ್ಮೆ ಎಣಿಸಿ ಎಂದು ಬಂತು. ಮತ್ತೆ ಮೂವತ್ತೆಂಟು ಒತ್ತಿದೆ. ಕಾವಲು ಅದನ್ನು ಅಳಿಸಿ ಇಪ್ಪತ್ತು ಮಾಡಿ, ನನ್ನ ನಂಬಿಕೆ ಅಂಕವನ್ನು ತೊಂಬತ್ತಾರಕ್ಕೆ ಇಳಿಸಿತು. ಇಪ್ಪತ್ತೆಂಟು ವರ್ಷದಲ್ಲಿ ನಾನು ಮೊದಲ ಸಲ ನಿಜವಾಗಿ ಎಣಿಸಿ ಬರೆದದ್ದಕ್ಕೆ ಸಿಕ್ಕ ಮರ್ಯಾದೆ ಅದು.

ಉಳಿದದ್ದು ಒಂದೇ ದಾರಿ. ಪಟ್ಟಿ ಕೈಕೊಟ್ಟಾಗ ಆಮ್ಲಜನಕವನ್ನು ಕ್ಲಿಪ್ಪಿನಿಂದ ನೋಡಿ ನರ್ಸು ತುಂಬಿಸಬಹುದು. ನಂಬಿಕೆ ಅಂಕ ತೊಂಬತ್ತರ ಮೇಲಿದ್ದರೆ ಅದೊಂದರಲ್ಲಿ ಕಾವಲು ಪ್ರಶ್ನೆ ಕೇಳುವುದಿಲ್ಲ. ಕ್ಲಿಪ್ಪು ತೊಂಬತ್ತಮೂರು ತೋರಿಸುತ್ತಿತ್ತು. ಪರದೆಯ ಮೂಲೆಯಲ್ಲಿ ಆ ಖಾಲಿ ಹಾಸಿಗೆಗೆ ಕಾದಿರುವವರ ಸಾಲು ಕಾಣುತ್ತಿತ್ತು, ಮೊದಲಿದ್ದದ್ದು ನಲವತ್ತೊಂದನೇ ಹಾಸಿಗೆ, ಬಸಲಿಂಗಪ್ಪ, ಟೈಲರ್, ಅಂಕ ಅರವತ್ತಾರು. ನಾನು ಅದನ್ನು ಓದಿದೆ. ಓದಿಯೇ, ಪಟ್ಟಿ ಕೈಕೊಟ್ಟಿದೆ ಎಂದು ನಮೂದಿಸಿ ಎಂಬತ್ತನಾಲ್ಕು ಎಂದು ಒತ್ತಿದೆ. ಕಾವಲು ಒಂದು ಕ್ಷಣವೂ ಅನುಮಾನಿಸಲಿಲ್ಲ. ದಾಕ್ಷಾಯಿಣಿಯ ಅಂಕ ಎಂಬತ್ತೊಂದಕ್ಕೆ ಹಾರಿ ದೀಪ ಕೆಂಪಾಯಿತು. ಗಾಲಿ ಮಂಚ ತಂದು ಅವಳನ್ನು ಮೇಲಕ್ಕೆ ಸಾಗಿಸಿದೆವು. ಲಿಫ್ಟಿನಲ್ಲಿ ಅವಳ ತುಟಿ ನೀಲಿಗಟ್ಟುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಡಾಕ್ಟರ್ ಮುನೀರ್ ಮುಂದೆ ಕೂತು ಎಲ್ಲ ಹೇಳಿದೆ. ನಾವು ಉಸಿರು ಎಣಿಸುತ್ತಿರಲಿಲ್ಲ, ನಮ್ಮ ಇಪ್ಪತ್ತುಗಳನ್ನು ನೋಡಿಯೇ ಯಂತ್ರ ಹಾಳಾಗಿದೆ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಆಮ್ಲಜನಕದ ಸುಳ್ಳನ್ನು ಮಾತ್ರ ಬರೆಯಲಿಲ್ಲ. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಕಾವಲು ನಿಲ್ಲಿಸಲು ಹೇಳಿದರು.

ಹುಡುಗಿಯರು ನನ್ನ ಮೇಲೆ ತಿರುಗಿಬಿದ್ದರು. ತಾನು ಸಾಚಾ ಆಗುವುದಕ್ಕೆ ಎಲ್ಲರ ಕುತ್ತಿಗೆ ಕೊಯ್ದಳು ಎಂದರು. ನೀವೇ ಹೇಳಿಕೊಟ್ಟಿದ್ದಲ್ಲವಾ ಎಂದರು. ಹೌದು, ನಾನೇ ಹೇಳಿಕೊಟ್ಟದ್ದು ಎಂದೆ. ಬೈದು ಸುಸ್ತಾದ ಮೇಲೆ ಒಬ್ಬೊಬ್ಬರೇ ಗಡಿಯಾರ ನೋಡುತ್ತ ಹಾಸಿಗೆಗಳ ಪಕ್ಕ ನಿಂತರು. ಆ ಒಂದು ಗಂಟೆ ವಾರ್ಡಿನಲ್ಲಿ ಯಾರೂ ಮಾತಾಡಲಿಲ್ಲ. ಹಸಿರು ದೀಪದ ಕೆಳಗಿದ್ದವರಲ್ಲಿ ಹನ್ನೊಂದು ಜನರ ಉಸಿರು ಮೂವತ್ತು ದಾಟಿತ್ತು. ಡಾಕ್ಟರ್ ಮುನೀರ್ ಎಲ್ಲೆಲ್ಲಿಂದಲೋ ಸಿಲಿಂಡರ್ ತರಿಸಿ, ಆಪರೇಷನ್ ಥಿಯೇಟರನ್ನೇ ವಾರ್ಡು ಮಾಡಿ ಅವರನ್ನು ಅಲ್ಲಿಗೆ ಸೇರಿಸಿದರು. ಒಂಬತ್ತು ಜನ ಉಳಿದರು. ನನ್ನನ್ನು ಇನ್‌ಚಾರ್ಜ್ ಸ್ಥಾನದಿಂದ ತೆಗೆದು ವಿಚಾರಣೆಗೆ ಹಾಕಿದರು. ನರ್ಸುಗಳ ಕೊರತೆ ಇದ್ದುದರಿಂದ ಕೆಲಸಕ್ಕೆ ಮಾತ್ರ ಬಾ ಎಂದರು.

ಹತ್ತನೇ ದಿನ ಬೆಳಿಗ್ಗೆ ಮೇಲಿನ ವಾರ್ಡಿಗೆ ಹೋದೆ. ದಾಕ್ಷಾಯಿಣಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಕಣ್ಣು ಗುಳಿಬಿದ್ದಿತ್ತು, ಉಸಿರು ಇಪ್ಪತ್ತೆರಡಕ್ಕೆ ಇಳಿದಿತ್ತು. ನಾನು ಕೈ ಮುಗಿದು ತಪ್ಪಾಯಿತು ಎಂದೆ. ಎರಡೂ ಮೆಮೊ ವಾಪಸ್ ಪಡೆಯಲು ಬರೆದುಕೊಟ್ಟಿದ್ದೇನೆ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಪರವಾಗಿಲ್ಲ ಸಿಸ್ಟರ್, ಜೀವ ಉಳಿಸಿದ್ರಲ್ಲ, ಮಗಳ ಹತ್ತಿರ ಈಗ ತಾನೇ ಮಾತಾಡಿದೆ ಎಂದಳು. ಆಮೇಲೆ ಚಮಚ ಬಟ್ಟಲಲ್ಲೇ ಬಿಟ್ಟು ನನ್ನನ್ನೇ ನೋಡಿದಳು.

"ಯಂತ್ರ ನಿಲ್ಲಿಸಿದ್ದು ಮಾರನೇ ದಿನವಂತೆ. ಹಿಂದಿನ ದಿನ ನಂಗೆ ಬೆಡ್ ಹೇಗೆ ಸಿಕ್ತು?"

ಅವಳ ಮುಂದೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಎಂಬತ್ತನಾಲ್ಕು ಎಂದು ತುಂಬಿಸಿದ್ದನ್ನು ಹೇಳಿದೆ.

"ನಿಜವಾಗಿ ಎಷ್ಟಿತ್ತು?"

"ತೊಂಬತ್ತಮೂರು."

"ಆ ಬೆಡ್ಡು ಯಾರಿಗೆ ಬರಬೇಕಾಗಿತ್ತು?"

ನಲವತ್ತೊಂದನೇ ಹಾಸಿಗೆಯ ಬಸಲಿಂಗಪ್ಪ ಎಂಬ ಟೈಲರಿಗೆ ಎಂದೆ. ಅವರು ಹೇಗಿದ್ದಾರೆ ಎಂದು ಕೇಳಿದಳು. ಅವತ್ತೇ ಸಂಜೆ ಆರು ಗಂಟೆಗೆ ಹೋದರು ಎಂದೆ.

"ಅವರ ಉಸಿರು ಎಷ್ಟಿತ್ತು ಸಿಸ್ಟರ್?"

ಅವತ್ತು ಅವಳ ಗಾಲಿ ಮಂಚ ತಳ್ಳಿಕೊಂಡು ನಾನು ನಲವತ್ತೊಂದರ ಪಕ್ಕದಲ್ಲೇ ಹೋಗಿದ್ದೆ. ಅವರು ಕಾಲು ಮಡಚಿ ದಾರಿ ಬಿಟ್ಟುಕೊಟ್ಟಿದ್ದರು. ನಾನು ಅವರ ಎದೆಯ ಕಡೆ ನೋಡಿರಲಿಲ್ಲ.

"ಎಣಿಸಲಿಲ್ಲ," ಎಂದೆ.

ದಾಕ್ಷಾಯಿಣಿ ಗಂಜಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು.

"ನೀವಿನ್ನು ಹೋಗಿ ಸಿಸ್ಟರ್," ಎಂದು ಹೇಳಿ ಮಗ್ಗುಲು ತಿರುಗಿ ಮಲಗಿದಳು.